ಜೋಲಿಯೊಳಗಿನ ಅರ್ಧ ಮಾತು

ಮನುಷ್ಯರನ್ನು ಮಲಗಿಸುವ ವಿದ್ಯೆ ಕಲಿಯಲು ಹೋದ ನೀಲಗಂಗಾ ಕಡೆಯ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದಳು. ಮಲಗಿಸುವುದರಲ್ಲಿ ಅಲ್ಲ, ಎಬ್ಬಿಸುವುದರಲ್ಲಿ. ಕಾರಣವೂ ದೊಡ್ಡದೇನಲ್ಲ. ಬಾಯಿ ತಡೆಯಲಿಲ್ಲ, ಅಷ್ಟೆ.

ಹಾಗೆಂದು ಅವಳನ್ನು ದಡ್ಡಿ ಅಂದುಕೊಂಡೀರಿ, ಜೋಕೆ. ಹಿರೇಕರಿಗುಡ್ಡದ ಆಸ್ಪತ್ರೆಯ ಐಸಿಯು ವಾರ್ಡಿನಲ್ಲಿ ವರ್ಷಗಟ್ಟಲೆ ಪಳಗಿದ ಕೈ ಅವಳದು. ಗಂಟಲಿಗೆ ನಳಿಗೆ ಹಾಕಿಸಿಕೊಂಡು ಮಾತಿಲ್ಲದೆ ಮಲಗಿದವರ ಕಣ್ಣು ನೋಡಿಯೇ, ಇವರಿಗೆ ನೀರಡಿಕೆ, ಇವರಿಗೆ ಬೆನ್ನು ತುರಿಕೆ, ಇವರಿಗೆ ಮಗಳನ್ನು ನೋಡಬೇಕಾಗಿದೆ ಎಂದು ಹೇಳಿಬಿಡುತ್ತಿದ್ದಳು. ಹೇಳಿದ್ದು ಬಹಳ ಸಲ ನಿಜವೇ ಆಗುತ್ತಿತ್ತು. ನೀಲಕ್ಕನ ಮುಂದೆ ನಾವು ಬಾಯಿ ತೆಗೆಯುವ ಕೆಲಸವೇ ಇಲ್ಲ, ನಮ್ಮ ಮಾತನ್ನು ಅವಳೇ ಆಡಿ ಮುಗಿಸಿರುತ್ತಾಳೆ ಎಂದು ರೋಗಿಗಳ ಕಡೆಯವರು ಹೊಗಳುತ್ತಿದ್ದರು. ಅದು ನಿಜಕ್ಕೂ ಹೊಗಳಿಕೆಯೇ ಎಂದು ಅವಳು ಒಮ್ಮೆಯೂ ತಿರುಗಿ ಯೋಚಿಸಿದವಳಲ್ಲ.

ಆ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿತ್ತು, ಸರ್ಜನ್ನರಿದ್ದರು, ದೊಡ್ಡ ದೊಡ್ಡ ದೀಪಗಳಿದ್ದವು. ಮಲಗಿಸುವವರು ಮಾತ್ರ ಇರಲಿಲ್ಲ. ಮದುವೆಯ ಅಡುಗೆಯೆಲ್ಲ ಸಿದ್ಧವಾಗಿ ಒಲೆ ಹಚ್ಚಲು ಕಡ್ಡಿಪೆಟ್ಟಿಗೆ ಇಲ್ಲದಂಥ ಅವಸ್ಥೆ. ಹೊಟ್ಟೆ ಹಿಡಿದುಕೊಂಡು ಬಂದವರನ್ನೆಲ್ಲ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಸಾಗಿಸಬೇಕು. ಹಾಗೆ ಸಾಗಿಸುವಾಗ ಒಂದು ಮಧ್ಯಾಹ್ನ ನೀಲಗಂಗಾಳೇ ಜೊತೆಗೆ ಹೋಗಿ, ದಾರಿಯ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಒಬ್ಬಳ ಹೆರಿಗೆ ಮಾಡಿಸಿದಳು. ತಾಯಿ ಮಗು ಇಬ್ಬರೂ ಉಳಿದರು, ಪುಣ್ಯ. ಆದರೆ ವಾಪಸು ಬರುವಾಗ ಮುಂದಿನವಳಿಗೆ ಪುಣ್ಯ ಇರದಿದ್ದರೆ ಎಂಬ ಯೋಚನೆ ನೀಲಗಂಗಾಳನ್ನು ಬಿಡಲಿಲ್ಲ.

ಅರಿವಳಿಕೆ ಕೊಡುವ ಕೆಲಸವನ್ನು ಸರ್ಕಾರ ನರ್ಸುಗಳಿಗೂ ತೆರೆದು ಆಗಲೇ ಕೆಲವು ವರ್ಷಗಳಾಗಿದ್ದವು. ದಾರಿ ಮಾತ್ರ ಉದ್ದ. ನರ್ಸಿಂಗ್ ಪದವಿ ಆಗಿರಬೇಕು, ಐಸಿಯುವಿನಲ್ಲಿ ದುಡಿದಿರಬೇಕು, ಪ್ರವೇಶ ಪರೀಕ್ಷೆ ಗೆಲ್ಲಬೇಕು, ಆಮೇಲೆ ಹುಬ್ಬಳ್ಳಿಯ ಶಾಲೆಯಲ್ಲಿ ಎರಡು ವರ್ಷ. ಶ್ವಾಸನಾಳದಿಂದ ಹಿಡಿದು ಹೃದಯದ ಪ್ರತಿ ಬಡಿತದ ತನಕ ಓದಬೇಕು. ಗೊಂಬೆಯ ಗಂಟಲಿಗೆ ನಳಿಗೆ ಇಳಿಸಿ ಇಳಿಸಿ ಬೆರಳು ಸವೆಸಬೇಕು. ಆಮೇಲೆ ಡಾಕ್ಟರರ ಪಕ್ಕದಲ್ಲಿ ನಿಂತು ನೂರಾರು ಜನರನ್ನು ಮಲಗಿಸಬೇಕು. ಎಲ್ಲಕ್ಕೂ ಕೊನೆಗೆ ಒಂಟಿಗೈ ಪರೀಕ್ಷೆ. ಥಿಯೇಟರಿನಲ್ಲಿ ಡಾಕ್ಟರರು ಇರುತ್ತಾರೆ, ಆದರೆ ಬೆರಳು ಎತ್ತುವುದಿಲ್ಲ. ಇಷ್ಟೆಲ್ಲ ದಾಟಿದವರನ್ನು ಜನ ‘ಮಲಗಿಸೋ ಅಕ್ಕ’ ಎಂದು ಕರೆಯುತ್ತಾರೆ. ಮಿಕ್ಕ ಎಲ್ಲದರಲ್ಲೂ ನೀಲಗಂಗಾ ತರಗತಿಗೇ ಮುಂದು. ಒಂಟಿಗೈ ಪರೀಕ್ಷೆಗೆ ಇರುವುದು ಮೂರೇ ಅವಕಾಶ. ಎರಡು ಹೋಗಿದ್ದವು. ಮೂರನೆಯದೂ ಹೋದರೆ ಹಳೆಯ ವಾರ್ಡು, ಬೀಗ ಹಾಕಿದ ಥಿಯೇಟರು, ಹುಬ್ಬಳ್ಳಿಯ ಆಂಬುಲೆನ್ಸು.

ಇಲ್ಲಿ ಜೋಲಿಯ ವಿಷಯ ಹೇಳಬೇಕು. ಕಂಡವರಿಗೆ ಗೊತ್ತು, ಕಾಣದವರಿಗಾಗಿ ನಾಲ್ಕು ಮಾತು. ತಲೆಗೆ ಹಾಕುವ, ಮೀನಿನ ಬಲೆಯಂಥ ತೆಳ್ಳನೆಯ ಟೋಪಿ ಅದು. ತಯಾರಿಸಿದವರು ಇಟ್ಟ ಹೆಸರು ಮಾರುದ್ದ ಇದೆ. ಕೂಸನ್ನು ಮಲಗಿಸುವ ಸೀರೆಯ ಜೋಲಿಯ ಹೆಸರೇ ಜನರ ಬಾಯಲ್ಲಿ ನಿಂತಿತು. ಹಳೆಯ ಕಾಲದಂತೆ ಗ್ಯಾಸು ಕೊಟ್ಟು, ನರಕ್ಕೆ ಔಷಧಿ ಬಿಟ್ಟು ಮಲಗಿಸಿದರೆ ಹೃದಯ ಸೋತವರು ತಾಳಿಕೊಳ್ಳುವುದು ಕಷ್ಟ. ಜೋಲಿ ರಕ್ತಕ್ಕೆ ಏನನ್ನೂ ಬೆರೆಸುವುದಿಲ್ಲ. ಮಿದುಳಿನ ಒಂದು ಕೇರಿ ಇನ್ನೊಂದು ಕೇರಿಯ ಜೊತೆ ಮಾತಾಡುತ್ತಿರುವ ತನಕ ನಾವು ಎಚ್ಚರ. ಜೋಲಿ ಸಣ್ಣ ವಿದ್ಯುತ್ ಅಲೆಗಳಿಂದ ಆ ಕೇರಿಗಳ ಬಾಗಿಲನ್ನು ಒಂದೊಂದಾಗಿ ಮುಚ್ಚುತ್ತ ಬರುತ್ತದೆ. ಎಲ್ಲಕ್ಕೂ ಕೊನೆಗೆ ಮುಚ್ಚುವುದು ಮಾತಿನ ಬಾಗಿಲು. ಅದಕ್ಕೇ ಮಲಗುವವರು ಆಗ ಏನಾದರೂ ಹೇಳುತ್ತಿರಬೇಕು. ಹೇಳುತ್ತ ಹೇಳುತ್ತಲೇ ಬಾಗಿಲು ಮುಚ್ಚಿ, ಮಾತು ಅರ್ಧಕ್ಕೆ ನಿಲ್ಲುತ್ತದೆ. ಉಳಿದರ್ಧ ಒಳಗೇ ಇರುತ್ತದೆ.

ಮುಖ್ಯ ಕೆಲಸ ಇರುವುದೇ ಎಬ್ಬಿಸುವಾಗ. ಎದುರು ಕುಳಿತು ಕೇಳಿದವರೇ ಆ ಅರ್ಧ ಮಾತನ್ನು, ಅದೇ ದನಿಯಲ್ಲಿ, ನಿಂತ ಜಾಗದ ತನಕ ತಂದು ಕೊಡಬೇಕು. ಒಳಗಿದ್ದವರು ತಮ್ಮ ಉಳಿದರ್ಧವನ್ನು ಹಿಡಿದುಕೊಂಡು ತಾವಾಗಿ ಮೇಲೆ ಬರುತ್ತಾರೆ. ದನಿಯನ್ನು ಯಂತ್ರದಲ್ಲಿ ಹಿಡಿದಿಟ್ಟು ಕೇಳಿಸಿ ನೋಡಿದರು, ಆಗಲಿಲ್ಲ. ಅತ್ತ ಯಾರೂ ಕಾಯುತ್ತಿಲ್ಲ ಎಂಬುದು ಮಿದುಳಿಗೆ ಹೇಗೋ ತಿಳಿಯುತ್ತದಂತೆ. ಮಾತು ಒಂದಿಷ್ಟು ಹೆಚ್ಚು ಕೊಟ್ಟರೂ ಕಷ್ಟ. ಒಳಗಿನದಕ್ಕೂ ಹೊರಗಿನದಕ್ಕೂ ತಾಳೆಯಾಗದೆ, ಎದ್ದವರು ಬೆಚ್ಚಿಬಿದ್ದು ಹೊಲಿಗೆ ಹರಿದುಕೊಳ್ಳುವಷ್ಟು ಒದ್ದಾಡುತ್ತಾರೆ. ಗ್ಯಾಸು, ಔಷಧಿ ಎಲ್ಲ ಪಕ್ಕದಲ್ಲೇ ಸಿದ್ಧವಿರುತ್ತವೆ, ಪ್ರಾಣಕ್ಕೆ ಮೋಸವಿಲ್ಲ. ಪರೀಕ್ಷೆ ಮಾತ್ರ ಅಲ್ಲಿಗೆ ಮುಗಿಯುತ್ತದೆ.

ನೀಲಗಂಗಾಳ ಮೊದಲ ಪರೀಕ್ಷೆಯಲ್ಲಿ ಮಲಗಿದ್ದವನು ಒಬ್ಬ ಬಸ್ ಕಂಡಕ್ಟರ್. ಮಗಳಿಗೆ ಗಂಡು ನೋಡಲು ಹೋದ ಕಥೆ ಹೇಳುತ್ತಿದ್ದ. ಹುಡುಗ ಚಲೋ ಇದ್ದ, ಮನೆಯೂ ಚಲೋ ಇತ್ತು, ಆದರೆ ಹುಡುಗನ ಅವ್ವ ಎಂಬಲ್ಲಿಗೆ ನಿದ್ದೆ ಹೋದ. ಎಬ್ಬಿಸುವಾಗ ನೀಲಗಂಗಾ ಅದನ್ನೆಲ್ಲ ಅಚ್ಚುಕಟ್ಟಾಗಿ ಒಪ್ಪಿಸಿದಳು. ಆದರೆ ‘ಹುಡುಗನ ಅವ್ವ’ ಎಂದ ಮೇಲೆ ನಾಲಿಗೆ ನಿಲ್ಲಬೇಕಲ್ಲ. ‘ಭಾಳ ಜೋರಿದ್ಲು’ ಎಂದು ಸೇರಿಸಿಬಿಟ್ಟಳು. ಕಂಡಕ್ಟರ್ ಎದ್ದವನೇ ಯಾರ ಅವ್ವ, ಯಾರ ಅವ್ವ ಎಂದು ಕೂಗುತ್ತ ಮಂಚದಿಂದ ಇಳಿಯಲು ಹೊರಟ. ನಾಲ್ಕು ಜನ ಹಿಡಿಯಬೇಕಾಯಿತು. ಆಮೇಲೆ ಸಮಾಧಾನವಾಗಿ ಕೇಳಿದರೆ, ಹುಡುಗನ ಅವ್ವ ಅವನ ಜೊತೆ ಕನ್ನಡ ಶಾಲೆಯಲ್ಲಿ ಓದಿದವಳು, ಅದನ್ನು ಹೇಳಲು ಹೊರಟಿದ್ದನಂತೆ ಪಾಪ.

ಎರಡನೆಯ ಸಲ ಒಬ್ಬ ಖಾನಾವಳಿಯ ಯಜಮಾನಿ. ಮಡಿಕೆಕಾಳಿನ ಪಲ್ಯ ಹೇಳುತ್ತಿದ್ದಳು. ಒಗ್ಗರಣೆಯಲ್ಲಿ ಬಾಗಿಲು ಮುಚ್ಚಿತು. ಎಬ್ಬಿಸುವಾಗ ನೀಲಗಂಗಾ ತುಟಿ ಕಚ್ಚಿಕೊಂಡೇ ಇದ್ದಳು, ಆದರೂ ಗುರೆಳ್ಳುಪುಡಿ ಹಾಕದೆ ಇರಲಾಗಲಿಲ್ಲ. ಆ ತಾಯಿ ಕಣ್ಣು ಬಿಟ್ಟವಳು, ತನ್ನ ಅಡುಗೆಮನೆಗೆ ಯಾವಳೋ ಹೊಕ್ಕಿದ್ದಾಳೆಂದು ಸಂಜೆಯ ತನಕ ಅಳುತ್ತಿದ್ದಳು.

ಅವತ್ತು ಶಾಲೆಯ ಹಿರಿಯ ಗುರು ರೆಬೆಕ್ಕಾ ಕಟ್ಟಿಮನಿ ಮೇಡಂ ಅವಳನ್ನು ಕೋಣೆಗೆ ಕರೆದರು. ಬೆಟಗೇರಿಯವರು, ಗಿಡ್ಡ ಆಳು, ಬೈದರೂ ನಗುಮುಖದಲ್ಲೇ ಬೈಯುವವರು. ರಾಜ್ಯದಲ್ಲಿ ಜೋಲಿ ಹಿಡಿದ ಮೊದಲ ನರ್ಸುಗಳಲ್ಲಿ ಒಬ್ಬರು. ನೀಲಗಂಗಾ ಕುರ್ಚಿಯ ಅಂಚಿಗೆ ಕುಳಿತು, ಮೇಡಂ ಬಾಯಿ ತೆರೆಯುವ ಮೊದಲೇ ತನ್ನ ತಪ್ಪನ್ನೆಲ್ಲ ತಾನೇ ಹೇಳಿ, ಇನ್ನು ಮೇಲೆ ಹಾಗೆ ಮಾಡುವುದಿಲ್ಲ ಎಂದೂ ಹೇಳಿ ಮುಗಿಸಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕುಬಿಟ್ಟರು.

“ನೋಡು, ಈಗೂ ನನ್ನ ಮಾತು ನೀನ ಆಡಿದಿ. ಕೂಸು ಹುಟ್ಟೋಕ್ಕಿಂತ ಮೊದಲ ಕುಲಾವಿ ಹೊಲಿಯೂ ಚಟ ನಿಂದು. ಐಸಿಯುದಾಗ ಅದು ಬೇಕಿತ್ತು, ಅದ ನಿನ್ನ ಬೆಳೆಸ್ತು. ಇಲ್ಲಿ ಅದ ನಿನ್ನ ಕಾಲಿಗೆ ತೊಡರಾಗೇತಿ.”

ಪರೀಕ್ಷೆಗೆ ಇನ್ನೂ ಸಮಯವಿತ್ತು. ಅಲ್ಲಿಯ ತನಕ ಮೇಡಂ ಅವಳಿಗೆ ಪುಸ್ತಕ ಕೊಡಲಿಲ್ಲ, ಗೊಂಬೆ ಕೊಡಲಿಲ್ಲ. ಒಂದೇ ಒಂದು ಕೆಲಸ ಹೇಳಿದರು. ಮನೆಯಲ್ಲಿ, ಹಾಸ್ಟೆಲಿನಲ್ಲಿ, ಬಸ್ಸಿನಲ್ಲಿ, ಯಾರ ಮಾತನ್ನೂ ಮುಗಿಸಕೂಡದು. ಅವರು ನಿಂತರೆ ನೀನೂ ನಿಲ್ಲು. ಮನೆಯವರ ಮಾತಿಗೆ ಕಾಯಲಾಗದವಳು ಹೊರಗಿನವರ ಮಾತಿಗೆ ಹೇಗೆ ಕಾದಾಳು ಎಂದು ಕೇಳಿದರು. ನೀಲಗಂಗಾಳಿಗೆ ಇದು ಬಹಳ ಹಗುರ ಶಿಕ್ಷೆ ಅನ್ನಿಸಿತು. ಶನಿವಾರ ಊರಿಗೆ ಹೋದಾಗ ಗೊತ್ತಾಯಿತು ಎಷ್ಟು ಹಗುರ ಎಂದು.

ಮನೆಯಲ್ಲಿ ಇರುವವರು ಇಬ್ಬರು. ಅತ್ತೆ ತಿಪ್ಪವ್ವ, ಗಂಡ ಗವಿಸಿದ್ದಪ್ಪ. ತಿಪ್ಪವ್ವನಿಗೆ ವಯಸ್ಸಾಗಿ ಸಾಮಾನುಗಳ ಹೆಸರು ಮರೆಯುತ್ತಿದ್ದವು. ಮರೆತಲ್ಲೆಲ್ಲ ಸೊಸೆ ಹೆಸರು ತುಂಬಿಸುತ್ತಿದ್ದಳು, ಅತ್ತೆಗೂ ಅದು ರೂಢಿಯಾಗಿತ್ತು. ಅವತ್ತು ಅತ್ತೆ ಅಡುಗೆಮನೆಯ ಗೂಡಿನ ಕಡೆ ಕೈ ತೋರಿಸಿ, ಆ ಡಬ್ಬಿಯೊಳಗಿನ ಅದು ಎಂದು ನಿಂತಳು. ನೀಲಗಂಗಾ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಳು. ಅತ್ತೆ ಸೊಸೆಯ ಮುಖ ನೋಡಿದಳು, ಸೊಸೆ ಅತ್ತೆಯ ಮುಖ ನೋಡಿದಳು. ನಿನಗೇನಾತು, ಗಂಟಲ ಕಟ್ಟೇತೇನು ಎಂದು ತಿಪ್ಪವ್ವ ರೇಗಿದಳು. ಮಗನನ್ನು ಕರೆದು, ಹುಬ್ಬಳ್ಳಿಯವರು ನಿನ್ನ ಹೆಂಡತಿಯ ತಲೆಗೆ ಆ ಬಲೆ ಹಾಕಿ ಏನೋ ಮಾಡಿದ್ದಾರೆ ನೋಡು ಎಂದಳು. ಆಮೇಲೆ ಅಷ್ಟೇ ಸಿಟ್ಟಿನಲ್ಲಿ, “ಪುಠಾಣಿ! ಪುಠಾಣಿ ಕೊಡು ಅಂದೆ” ಎಂದು ತಾನೇ ಹೇಳಿಬಿಟ್ಟಳು. ಹುರಿಗಡಲೆಯ ಹೆಸರನ್ನು ತಾನೇ ಹೇಳಿದ ಮೇಲೆ ಅವಳ ಮುಖದಲ್ಲಿ ಒಂದು ಗೆಲುವು ಬಂತು. ಊಟಕ್ಕೆ ಕೂತಾಗ ಇನ್ನೆರಡು ಸಲ ಪುಠಾಣಿ ಎಂದಳು, ಯಾರೂ ಕೇಳದಿದ್ದರೂ.

ಗವಿಸಿದ್ದಪ್ಪನದು ಬೇರೆ ಕಥೆ. ಸೋಲಾರ್ ಪಂಪಿನ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತಿ ಕೊಡುವ ಅಂಗಡಿ ಅವನದು, ಮನೆಗೆ ತಗುಲಿದ ಹಾಗೇ. ಒಳ್ಳೆಯ ಮನುಷ್ಯ, ಮಾತು ಮಾತ್ರ ನಿಧಾನ. ಒಂದು ಮಾತು ಹೊರಡಿಸಿ, ನಡುವೆ ನಿಂತು, ಒಂದು ಸಲ ಆಕಾಶ ನೋಡಿ, ಮತ್ತೆ ಮುಂದುವರಿಸುವ ಪೈಕಿ. ನೀಲಗಂಗಾ ಮದುವೆಯಾಗಿ ಬಂದ ಹೊಸದರಲ್ಲೇ ಆ ನಡುವಿನ ಜಾಗವನ್ನೆಲ್ಲ ತುಂಬಿಸಲು ಶುರುಮಾಡಿದ್ದಳು. ಬರಬರುತ್ತ ಅವನು ಮಾತು ಶುರುಮಾಡಿದರೆ ಸಾಕು, ಮುಗಿಸುವುದು ಅವಳ ಪಾಲಿಗೆ ಬಂತು. ಇಬ್ಬರಿಗೂ ಅದರಲ್ಲಿ ತೊಂದರೆ ಕಂಡಿರಲಿಲ್ಲ.

ಭಾನುವಾರ ಅವಳು ಅಂಗಡಿಯಲ್ಲಿ ಒಂದು ಸ್ಟೂಲಿನ ಮೇಲೆ ಕುಳಿತು ಸುಮ್ಮನೆ ನೋಡಿದಳು. ತಂತಿ ಸುತ್ತುವಾಗ ಗವಿಸಿದ್ದಪ್ಪ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಸುತ್ತಿನ ಎಣಿಕೆ ತಪ್ಪಿದರೆ ಮೋಟರು ಮತ್ತೆ ಸುಡುತ್ತದೆ. ಆದರೆ ಇನ್ನೊಂದು ಸುಟ್ಟ ಮೋಟರು ಬಿಚ್ಚಿ, ಒಳಗಿನ ಕರಕಲು ತಂತಿಯನ್ನು ಇಕ್ಕಳದಿಂದ ಕಿತ್ತು ಕಿತ್ತು ಹಾಕುವಾಗ ಅವನ ಮುಖ ಸಡಿಲವಾಯಿತು. ಅದಕ್ಕೆ ಎಣಿಕೆ ಬೇಕಿಲ್ಲ. ಕೈಗೆ ಕೆಲಸ, ತಲೆಗೆ ಬಿಡುವು. ಅವನಾಗಿಯೇ ಮಾತು ತೆಗೆದ. ನೀಲಗಂಗಾ ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದಳು.

“ಒಂದ ಮಾತ ಹೇಳಲೇನು. ನಂಗ ಹೀರಿಕಾಯಿ…” ಎಂದು ನಿಂತ. ಇಕ್ಕಳ ಹೋಯಿತು, ಬಂತು, ಒಂದು ತುಂಡು ತಂತಿ ಕೆಳಗೆ ಬಿತ್ತು. “ನಂಗ ಹೀರಿಕಾಯಿ ಸೇರಂಗಿಲ್ಲ. ಮದವಿ ಆದ ವರ್ಷ ಹೇಳಾಕ ಹೋಗಿದ್ದೆ. ಭಾಳ ಸೇರತೇತಿ ಹೌದಲ್ರೀ ಅಂತ ನೀನ ಅಂದಿ. ಅವತ್ತು ಭಾಳ ಖುಷೀಲೆ ಅಂದಿದ್ದಿ. ನಾ ಸುಮ್ಮನಾದೆ.”

ಅಷ್ಟು ವರ್ಷಗಳಿಂದ ಪ್ರತಿ ಭಾನುವಾರ, ಗಂಡನ ಮೇಲಿನ ಪ್ರೀತಿಗೆಂದು, ಸಂತೆಯಲ್ಲಿ ಎಳೆಯದೇ ಆರಿಸಿ ಆರಿಸಿ ತಂದು ಮಾಡಿದ ಹೀರೇಕಾಯಿ ಎಣಗಾಯಿ. ಅವನು ಒಂದು ದಿನವೂ ತಟ್ಟೆಯಲ್ಲಿ ಬಿಟ್ಟವನಲ್ಲ. ಅವಳಿಗೆ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಒಲೆಯ ಮೇಲೆ ಅವತ್ತಿನ ಹೀರೇಕಾಯಿ ಆಗಲೇ ಬೇಯುತ್ತಿತ್ತು. ಅದನ್ನು ತಿಪ್ಪವ್ವ ಒಬ್ಬಳೇ ಉಂಡಳು.

ಸೋಮವಾರ ಬೆಳಿಗ್ಗೆ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಬರುವುದು ಗವಿಸಿದ್ದಪ್ಪನೇ. ಈಗಿನ ಕರೆಂಟ್ ಬಸ್ಸುಗಳಿಗೆ ಸದ್ದಿಲ್ಲ. ಮಾತಾಡುತ್ತ ನಿಂತಿರುತ್ತೇವೆ, ಬೆನ್ನ ಹಿಂದೆ ಬಂದು ನಿಂತಿರುತ್ತದೆ, ನೋಡುನೋಡುತ್ತ ಹೊರಟೂ ಬಿಡುತ್ತದೆ. ಅವಳು ಶಾಲೆಗೆ ಸೇರಿದಾಗಿನಿಂದ ಪ್ರತಿ ಸೋಮವಾರ ಅವನು ಅಲ್ಲಿ ಒಂದೇ ಮಾತು ಶುರುಮಾಡುತ್ತಿದ್ದ. ‘ನೀ ಹೋದ ಮ್ಯಾಲ…’ ಅವಳು ಪ್ರತಿ ಸೋಮವಾರ ಅದನ್ನು ಮುಗಿಸುತ್ತಿದ್ದಳು. ಅತ್ತೆಯ ಗುಳಿಗೆ ನೀವೇ ನೋಡಿಕೊಳ್ಳಬೇಕು ಗೊತ್ತು, ಮನೆ ಹರವಿ ಬೀಳುತ್ತದೆ ಗೊತ್ತು, ಶನಿವಾರ ಬಂದು ಎಲ್ಲಾ ಮಾಡುತ್ತೇನೆ ಬಿಡಿ. ಅವನು ತಲೆಯಾಡಿಸುತ್ತಿದ್ದ, ಅವಳು ಬಸ್ಸು ಹತ್ತುತ್ತಿದ್ದಳು. ಹೀರೇಕಾಯಿಯ ಮಾರನೆಯ ದಿನ ಅವನು ಮತ್ತೆ ‘ನೀ ಹೋದ ಮ್ಯಾಲ…’ ಎಂದಾಗ ಅವಳಿಗೆ ಥಟ್ಟನೆ ಅನುಮಾನ ಬಂತು. ಇದನ್ನೂ ತಾನು ತಪ್ಪಾಗಿಯೇ ಮುಗಿಸುತ್ತ ಬಂದಿರಬೇಕು. ಸುಮ್ಮನೆ ನಿಂತು ಕಾದಳು. ಅವನು ಆಕಾಶ ನೋಡಿದ. ಅಷ್ಟರಲ್ಲಿ ಬಸ್ಸು ಬಂದು ನಿಂತು, ಕಂಡಕ್ಟರ್ ಅವಸರ ಮಾಡಿ, ಅವಳು ಹತ್ತಲೇಬೇಕಾಯಿತು. ಅದರ ಮುಂದಿನ ಸೋಮವಾರವೂ ಹಾಗೇ ಆಯಿತು. ಸೋಮವಾರ ಬಸ್ ಸ್ಟ್ಯಾಂಡಿಗೆ ಹೋದವನು ಹೊತ್ತಾದರೂ ಬರುವುದಿಲ್ಲ, ಗಿರಾಕಿಗಳು ಅಂಗಡಿ ಮುಂದೆ ಕಾಯುತ್ತಾರೆ, ಅಲ್ಲಿ ಏನು ಮಾಡುತ್ತಾನೋ ಎಂದು ತಿಪ್ಪವ್ವ ಬಹಳ ದಿನಗಳಿಂದ ಗೊಣಗುತ್ತಲೇ ಇದ್ದಳು. ನೀಲಗಂಗಾ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಮೂರನೆಯ ಪರೀಕ್ಷೆಗೆ ಅವಳ ಪಾಲಿಗೆ ಬಂದವರು ಮಾಳಿಂಗಪ್ಪ ಎಂಬ ಕುರಿ ಕಾಯುವ ಅಜ್ಜ. ಪಿತ್ತಕೋಶದಲ್ಲಿ ಕಲ್ಲು. ಹೃದಯ ಬಹಳ ಸೋತಿತ್ತು, ಗ್ಯಾಸು ಬೇಡವೇ ಬೇಡ ಎಂದು ಡಾಕ್ಟರರು ಹೇಳಿದ್ದರು. ಜೋಲಿಯೇ ಆಗಬೇಕು. ಹಿಂದಿನ ದಿನ ವಾರ್ಡಿಗೆ ಹೋಗಿ ನೀಲಗಂಗಾ ಅವರ ಪಕ್ಕ ಕುಳಿತಳು. ಹತ್ತು ಪ್ರಶ್ನೆ ಕೇಳಿದರೆ ಅಜ್ಜ ಒಂದಕ್ಕೆ ಹೂಂ ಅನ್ನುತ್ತಿದ್ದರು, ಒಂದಕ್ಕೆ ಇಲ್ಲ ಅನ್ನುತ್ತಿದ್ದರು, ಉಳಿದದ್ದಕ್ಕೆ ಕಿಟಕಿ ನೋಡುತ್ತಿದ್ದರು. ಮೊದಲಿನ ನೀಲಗಂಗಾ ಆಗಿದ್ದರೆ ಅಜ್ಜನ ಪರವಾಗಿ ಇಡೀ ಜೀವನಚರಿತ್ರೆಯನ್ನೇ ಹೇಳಿ ಹೂಂ ಅನ್ನಿಸಿಕೊಂಡು ಬರುತ್ತಿದ್ದಳು. ಆದರೆ ಹೂಂ ಎಂಬುದನ್ನು ಹಿಡಿದುಕೊಂಡು ಯಾರೂ ನಿದ್ದೆಯಿಂದ ಮೇಲೆ ಬರಲಾರರು. ಅವರದೇ ಒಂದು ಮಾತು ಬೇಕು. ಇವತ್ತು ಬೇಡವಾದರೆ ಬೇಡ, ನಾಳೆ ನೋಡೋಣ ಎಂದುಕೊಂಡು ಎದ್ದು ಬಂದಳು.

ಮಾರನೆಯ ದಿನ ಥಿಯೇಟರಿನಲ್ಲಿ ಸರ್ಜನ್ ಕೈ ತೊಳೆದು ಕಾಯುತ್ತಿದ್ದರು. ಹೊರಗಿನಿಂದ ಬಂದ ಪರೀಕ್ಷಕ ಡಾಕ್ಟರು ಗೋಡೆಗೆ ಒರಗಿ ನಿಂತಿದ್ದರು, ಅವರ ಪಕ್ಕದಲ್ಲಿ ರೆಬೆಕ್ಕಾ ಮೇಡಂ. ನೀಲಗಂಗಾ ಅಜ್ಜನ ತಲೆಗೆ ಜೋಲಿ ತೊಡಿಸಿ, ಉಸಿರಿನ ನಳಿಗೆ, ಔಷಧಿ, ಎಲ್ಲವನ್ನೂ ಕೈಯಳತೆಯಲ್ಲಿ ಇಟ್ಟುಕೊಂಡು ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದೊಂದೇ ಬಾಗಿಲು ಮುಚ್ಚುತ್ತ ಬಂತು. ನೋವಿನ ಬಾಗಿಲು, ಕಣ್ಣಿನ ಬಾಗಿಲು. ಅಜ್ಜ ಮಾತ್ರ ತುಟಿ ಬಿಚ್ಚಲಿಲ್ಲ. ಮಾತಿನ ಬಾಗಿಲು ಬರುವುದರೊಳಗೆ ಅವರು ಏನೂ ಹೇಳದಿದ್ದರೆ ಜೋಲಿ ತಾನಾಗಿ ಎಲ್ಲವನ್ನೂ ತೆರೆದುಬಿಡುತ್ತದೆ. ಪರೀಕ್ಷೆ ಅಲ್ಲಿಗೆ ಮುಗಿದಂತೆ.

ಆಗ ಅವಳು ಅಜ್ಜನ ಬೆರಳು ನೋಡಿದಳು. ಹೊದಿಕೆಯ ಅಂಚಿನಲ್ಲಿ ಎದ್ದಿದ್ದ ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆಯುತ್ತಿದ್ದರು. ಕುರಿಯ ಹಿಂದೆ ನಡೆಯುತ್ತಲೇ ಉಣ್ಣೆ ನೂಲುವ ಕೈ ಅದು. ಗವಿಸಿದ್ದಪ್ಪನ ಇಕ್ಕಳ ನೆನಪಾಯಿತು ಅವಳಿಗೆ. ಟ್ರೇಯಿಂದ ಒಂದು ಹಿಡಿ ಹತ್ತಿ ತೆಗೆದು ಆ ಕೈಗೆ ಕೊಟ್ಟಳು. ಬೆರಳುಗಳು ಅದನ್ನು ಮುಟ್ಟಿ ನೋಡಿದವು, ಇದೇನು ಉಣ್ಣೆಯಲ್ಲ ಎಂದು ಒಂದು ಕ್ಷಣ ಅನುಮಾನಿಸಿದವು, ಆಮೇಲೆ ಹೊಸೆಯಲು ಹಿಡಿದವು. ಅಜ್ಜನ ಹುಬ್ಬಿನ ಗಂಟು ಬಿಚ್ಚಿತು.

“ಅಜ್ಜಾರ, ಹಿಂಡು ಮುಂದ ಹೊಂಟಾಗ ಒಂದು ಕುರಿ ಹಿಂದ ಉಳದರ ಏನ್ ಮಾಡ್ತೀರಿ?” ಎಂದು ಕೇಳಿ ಅವಳು ಸುಮ್ಮನಾದಳು.

ಒಂದು ಬಾಗಿಲು ಮುಚ್ಚಿತು, ಇನ್ನೊಂದು ಮುಚ್ಚಿತು. ಪರೀಕ್ಷಕರು ಗೋಡೆ ಬಿಟ್ಟು ನೆಟ್ಟಗೆ ನಿಂತರು. ನೀಲಗಂಗಾ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಹತ್ತಿ ಬೆರಳಿನಲ್ಲಿ ಎಳೆಯಾಗುತ್ತಿತ್ತು.

“ಕೂಗಿ ಕರೆಯಂಗಿಲ್ಲವ್ವಾ,” ಎಂದರು ಅಜ್ಜ, ದೂರದಿಂದ ಎಂಬಂತೆ. “ಬೆನ್ನ ಹತ್ತಿ ಓಡಂಗಿಲ್ಲ. ಓಡಿದರ ಅದು ಇನ್ನಷ್ಟು ದೂರ ಓಡತೈತಿ. ನಾವು…”

ಬೆರಳು ನಿಂತವು. ಬಾಗಿಲು ಮುಚ್ಚಿತ್ತು.

ಮುಂದಿನದೆಲ್ಲ ಅವಳಿಗೆ ಗೊತ್ತಿದ್ದ ಕೆಲಸ. ನಳಿಗೆ ಒಂದೇ ಸಲಕ್ಕೆ ಸರಿಯಾಗಿ ಇಳಿಯಿತು. ನಡುವೆ ಒಮ್ಮೆ ರಕ್ತದೊತ್ತಡ ಕುಸಿದಾಗ ಸರ್ಜನ್ ತಲೆ ಎತ್ತುವ ಮುಂಚೆಯೇ ಅವಳು ಸರಿಪಡಿಸಿದ್ದಳು. ಕೈ ತನ್ನ ಪಾಡಿಗೆ ತಾನು ದುಡಿ‌ಯುತ್ತಿತ್ತು. ಕಷ್ಟವಿದ್ದದ್ದು ತಲೆಯೊಳಗೆ. ಆ ‘ನಾವು’ ಎಂಬುದರ ಮುಂದೆ ಅವಳ ಮನಸ್ಸು ಒಂದೇ ಸಮನೆ ಬಾಲ ಅಂಟಿಸುತ್ತಿತ್ತು. ನಾವು ನಾಯಿ ಬಿಡುತ್ತೇವೆ. ನಾವು ಮೆಲ್ಲಗೆ ಹೋಗಿ ಹೆಗಲ ಮೇಲೆ ಹೊತ್ತು ತರುತ್ತೇವೆ. ಹೊತ್ತು ತರುವುದು ಅವಳಿಗೆ ಬಹಳ ಹಿಡಿಸಿತು. ಅದೇ ಸರಿ, ಅದೇ ಇರಬೇಕು, ಇನ್ನೇನಿದ್ದೀತು? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಳ್ಳಲ್ಲ. ಅವಳು ಹೀರೇಕಾಯಿಯನ್ನು ನೆನೆಸಿಕೊಂಡಳು. ನಾಯಿಯನ್ನೂ ಹೆಗಲನ್ನೂ ಆಚೆ ನೂಕಿದಳು. ಅವು ಮತ್ತೆ ಬಂದವು, ಮತ್ತೆ ನೂಕಿದಳು.

ಹೊಲಿಗೆ ಮುಗಿದು, ಜೋಲಿಯ ಅಲೆ ಇಳಿದು, ಉಸಿರು ಸರಾಗವಾದ ಮೇಲೆ ನಳಿಗೆ ತೆಗೆದಳು. ಅಜ್ಜನ ಕಿವಿಯ ಹತ್ತಿರ ಬಗ್ಗಿ, ಅವರದೇ ಮಾತನ್ನು ಅವರದೇ ನಿಧಾನದಲ್ಲಿ ಹೇಳಿದಳು. ಕೂಗಿ ಕರೆಯಂಗಿಲ್ಲವ್ವಾ. ಬೆನ್ನ ಹತ್ತಿ ಓಡಂಗಿಲ್ಲ. ಓಡಿದರ ಅದು ಇನ್ನಷ್ಟು ದೂರ ಓಡತೈತಿ. ನಾವು…

ಅಲ್ಲಿಗೇ ನಿಂತಳು.

ಏನೂ ಆಗಲಿಲ್ಲ. ಅಜ್ಜನ ಮುಖ ಕಲ್ಲಿನಂತಿತ್ತು. ಸರ್ಜನ್ ಕೈಗವಸು ಕಳಚಿ ಬುಟ್ಟಿಗೆ ಹಾಕಿದ ಸದ್ದು ಕೇಳಿಸಿತು. ಪರೀಕ್ಷಕರು ಗಂಟಲು ಸರಿಪಡಿಸಿಕೊಂಡರು. ಮಾತನ್ನು ಎರಡನೆಯ ಸಲ ಹೇಳುವ ಹಾಗಿಲ್ಲ, ಹೇಳಿದರೆ ಒಳಗಿನ ಎಳೆ ಕಲಸಿಹೋಗುತ್ತದೆ. ಕಾಯುವುದೊಂದೇ ಉಳಿದದ್ದು. ನೀಲಗಂಗಾಳಿಗೆ ಬೇವಿನ ಮರ ನೆನಪಾಯಿತು, ಬೀಗ ಹಾಕಿದ ಥಿಯೇಟರು ನೆನಪಾಯಿತು. ಒಂದೇ ಒಂದು ಪದ ಸೇರಿಸಿದರೆ ಅಜ್ಜ ಎದ್ದುಬಿಡಬಹುದೇನೋ ಎಂದು ಆಸೆಯಾಯಿತು. ನಾಲಿಗೆಯ ತುದಿಯ ತನಕ ಬಂದದ್ದನ್ನು ನುಂಗಿದಳು. ನುಂಗಿ ಅಲ್ಲೇ, ಅಜ್ಜ ಕಣ್ಣು ತೆರೆದರೆ ಕಾಣುವಷ್ಟು ಹತ್ತಿರ, ಅಲುಗಾಡದೆ ನಿಂತಳು.

ಹತ್ತಿ ಹಿಡಿದ ಬೆರಳು ಒಮ್ಮೆ ತಿರುಗಿತು. ಮತ್ತೊಮ್ಮೆ ತಿರುಗಿತು. ಅಜ್ಜ ಕಣ್ಣು ತೆರೆದರು. ಗಾಬರಿಯಿಲ್ಲ, ಒದ್ದಾಟವಿಲ್ಲ, ಬೆಳಿಗ್ಗೆ ಹಟ್ಟಿಯಲ್ಲಿ ಎದ್ದು ಕುಳಿತವರ ಹಾಗೆ ಅವಳನ್ನು ನೋಡಿದರು.

“…ಸುಮ್ಮನ ನಿಂತಬಿಡ್ತೀವಿ,” ಎಂದರು. “ನಾವು ನಿಂತದ್ದು ಕಂಡರ ಅದ ಬರತೈತಿ.”

ನಾಯಿಯೂ ಇಲ್ಲ, ಹೆಗಲೂ ಇಲ್ಲ. ನೀಲಗಂಗಾ ಅಲ್ಲೇ ಮಾಸ್ಕಿನೊಳಗೆ ಅತ್ತುಬಿಟ್ಟಳು. ಅಜ್ಜ ಮಾತ್ರ ಈ ಹತ್ತಿ ಚಲೋ ಇಲ್ಲ, ಎಳೆ ನಿಲ್ಲುವುದಿಲ್ಲ ಎಂದು ದೂರಿದರು. ಅವರ ಬಾಯಿಂದ ಅವತ್ತು ಬಂದಷ್ಟು ಮಾತು ಅವರ ಮನೆಯವರೂ ಕೇಳಿರಲಿಕ್ಕಿಲ್ಲ.

ಕಾರಿಡಾರಿನಲ್ಲಿ ರೆಬೆಕ್ಕಾ ಮೇಡಂ ಅವಳ ಎರಡೂ ಕೈ ಹಿಡಿದುಕೊಂಡು, ನೀಲಗಂಗಾ, ನೀನು ಎಂದು ಶುರುಮಾಡಿ ನಿಂತರು. ನೀಲಗಂಗಾ ಕಾದಳು. ಮೇಡಂ ಅವಳ ಮುಖವನ್ನೇ ನೋಡುತ್ತ ಇನ್ನೂ ಸ್ವಲ್ಪ ಕಾಯಿಸಿದರು. ಆಮೇಲೆ ಜೋರಾಗಿ ನಕ್ಕು, ಬೆನ್ನಿಗೊಂದು ಗುದ್ದು ಕೊಟ್ಟು, ಮಾತು ಮುಗಿಸದೆಯೇ ಹೊರಟುಹೋದರು. ಪಾಸಾದದ್ದು ಅವಳಿಗೆ ಹಾಗೆ ತಿಳಿಯಿತು.

ಆ ಶನಿವಾರ ಮನೆಯಲ್ಲಿ ಹಬ್ಬವೇ ಆಯಿತು. ತಿಪ್ಪವ್ವ ಓಣಿಯ ತುಂಬ ಪುಠಾಣಿ ಸಕ್ಕರೆ ಹಂಚಿದಳು, ಎರಡರ ಹೆಸರನ್ನೂ ತಡವರಿಸದೆ ಹೇಳಿ ಹೇಳಿ. ಸೋಮವಾರ ನೀಲಗಂಗಾ ಪ್ರಮಾಣಪತ್ರ ತರಲು ಕೊನೆಯ ಸಲ ಹುಬ್ಬಳ್ಳಿಗೆ ಹೊರಟಳು. ತಂದಮೇಲೆ ಊರಿನ ಥಿಯೇಟರಿನ ಬೀಗ ತೆಗೆಯುವುದೇ.

ಬಸ್ ಸ್ಟ್ಯಾಂಡಿನಲ್ಲಿ ಗವಿಸಿದ್ದಪ್ಪ ಅವಳ ಚೀಲ ಹಿಡಿದು ನಿಂತಿದ್ದ. “ನೀ ಹೋದ ಮ್ಯಾಲ…” ಎಂದ.

ಬಸ್ಸು ಎಂದಿನಂತೆ ಸದ್ದಿಲ್ಲದೆ ಬಂದು ನಿಂತಿತು. ಕಂಡಕ್ಟರ್ ಹುಬ್ಬಳ್ಳಿ ಹುಬ್ಬಳ್ಳಿ ಎಂದು ಕೂಗಿದ. ಜನ ಹತ್ತಿದರು. ನೀಲಗಂಗಾ ಕಾಲು ಎತ್ತಲಿಲ್ಲ. ಗವಿಸಿದ್ದಪ್ಪ ಬಸ್ಸನ್ನು ನೋಡಿದ, ಅವಳನ್ನು ನೋಡಿದ, ಬಸ್ಸು ಹೊಂಟೈತಿ ಎಂದ. ಬಸ್ಸು ಹೊರಟರೆ ಹೊರಡಲಿ ಎಂಬಂತೆ ಅವಳು ತಲೆಯಾಡಿಸಿ, ಅಲ್ಲೇ ಸುಮ್ಮನೆ ನಿಂತಳು. ಬಸ್ಸು ಹೊರಟುಹೋಯಿತು. ಸ್ಟ್ಯಾಂಡು ಖಾಲಿಯಾಯಿತು. ಅವನು ಅವಳ ಚೀಲದ ಹಿಡಿಕೆಯನ್ನು ತಿರುವುತ್ತ, ತಿರುವುತ್ತ ಬಹಳ ಹೊತ್ತು ಆಕಾಶ ನೋಡಿದ.

“ನೀ ಹೋದ ಮ್ಯಾಲ ನಾ ಆ ಕ್ಯಾಂಟೀನಿಗೆ ಹೋಗಿ ಚಾ ಹೇಳ್ತೀನಿ,” ಎಂದ ಕೊನೆಗೆ. “ರೂಢಿ ನೋಡು, ಬಾಯಾಗ ಎರಡು ಅಂತನ ಬಂದಬಿಡತೈತಿ. ಬಂದ ಮ್ಯಾಲ ಬ್ಯಾಡ ಅನ್ನಾಕ ಮನಸ ಬರಂಗಿಲ್ಲ. ಒಂದು ಕುಡದು, ಇನ್ನೊಂದು ಆರಿ ತಣ್ಣಗಾಗೂ ತನಕ ಅದರ ಮುಂದ ಕುಂದರತೀನಿ. ಅದಕ್ಕ ತಡ ಆಗತೈತಿ.”

ನೀಲಗಂಗಾಳ ಬಾಯಿಗೆ ನೂರು ಮಾತು ಬಂದವು. ಒಂದನ್ನೂ ಆಡಲಿಲ್ಲ. ಚೀಲದ ಒಂದು ಹಿಡಿಕೆಯನ್ನು ತಾನು ಹಿಡಿದು ಕ್ಯಾಂಟೀನಿನ ಕಡೆ ನಡೆದಳು. ಒಳಗೆ ಗಲ್ಲೆಯ ಹಿಂದೆ ಕುಳಿತವನು ತಲೆ ಎತ್ತಿ ನೋಡಿ, ಏನೂ ಕೇಳದೆ, ಎರಡು ಚಾ ತಂದು ಮೂಲೆಯ ಟೇಬಲ್ಲಿನ ಮೇಲಿಟ್ಟ. ಎರಡನೆಯದನ್ನು ಅವತ್ತು ಆರುವ ಮೊದಲೇ ಅವಳು ಕುಡಿದಳು.